ಗಂಡು ಕರುವಿನ ಅವಳಿಯಾಗಿ ಹುಟ್ಟಿದ ಕಡಸು ಬೆದೆಗೆ ಬರುತ್ತಿಲ್ಲ, ಇನ್ನೊಂದು ಹಸು ಗಬ್ಬ ನಿಲ್ಲುತ್ತಿಲ್ಲ: ವರ್ಣತಂತು ಪರೀಕ್ಷೆ ಮಾಡಿಸಬೇಕೆ?

ಪ್ರಶ್ನೆ (ಹೈನುಗಾರ, ಚಿಂತಾಮಣಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಮ್ಮ ಕೊಟ್ಟಿಗೆಯ ಎರಡು ಎಚ್‌ಎಫ್ (ಹೋಲ್ಸ್ಟೀನ್ ಫ್ರೀಸಿಯನ್) ಮಿಶ್ರತಳಿ ರಾಸುಗಳ ಬಗ್ಗೆ ಬಲ್ಲವರ ಸಲಹೆ ಬೇಕಾಗಿದೆ.

ಮೊದಲನೆಯದು ನಮ್ಮಲ್ಲೇ ಹುಟ್ಟಿದ ಕಡಸು. ತಾಯಿ ಅವಳಿ ಕರು ಹಾಕಿತ್ತು. ಜೊತೆಗೆ ಹುಟ್ಟಿದ ಗಂಡು ಕರುವನ್ನು ಚಿಕ್ಕದಿರುವಾಗಲೇ ಕೊಟ್ಟು, ಹೆಣ್ಣು ಕರುವನ್ನು ಹಾಲು, ಹಿಂಡಿ ಯಾವುದಕ್ಕೂ ಕೊರತೆಯಿಲ್ಲದಂತೆ ಬೆಳೆಸಿದೆವು. ಈಗ ಎರಡು ವರ್ಷ ದಾಟಿದೆ. ಮೈಕಟ್ಟು ಯಾರಾದರೂ ನಿಂತು ನೋಡುವಂತಿದೆ, ಆದರೆ ಇದುವರೆಗೆ ಒಮ್ಮೆಯೂ ಬೆದೆಯ ಲಕ್ಷಣ ತೋರಿಲ್ಲ. ಜಂತುಹುಳುವಿನ ಔಷಧಿ ಕುಡಿಸಿದ್ದೇವೆ, ಖನಿಜ ಮಿಶ್ರಣ ತಪ್ಪದೆ ಕೊಡುತ್ತಿದ್ದೇವೆ. ಮೊಲೆತೊಟ್ಟುಗಳು ಬಹಳ ಸಣ್ಣದಾಗಿಯೇ ಉಳಿದಿವೆ. ಯೋನಿದ್ವಾರದ ಕೆಳತುದಿಯಲ್ಲಿ ಉದ್ದ ಕೂದಲಿನ ಗೊಂಚಲೊಂದು ಇದೆ.

ಎರಡನೆಯದು ಮೂರು ಸೂಲು ಮುಗಿಸಿದ ಹಸು. ಹಾಲು ಚೆನ್ನಾಗಿ ಕೊಡುತ್ತದೆ, ಬೆದೆಗೂ ಬರುತ್ತದೆ, ಆದರೆ ಮೂರನೇ ಕರು ಹಾಕಿದ ಮೇಲೆ ಎಷ್ಟು ಬಾರಿ ಕೃತಕ ಗರ್ಭಧಾರಣೆ ಮಾಡಿಸಿದರೂ ಗಬ್ಬ ನಿಂತಿಲ್ಲ. ಒಮ್ಮೆ ಮೂರು ವಾರಕ್ಕೆ ತಿರುಗಿ ಬೆದೆಗೆ ಬಂದರೆ ಇನ್ನೊಮ್ಮೆ ತಿಂಗಳು ದಾಟಿ ಬರುತ್ತದೆ. ಹೆಣ್ಣು ಕರುವಿನ ಆಸೆಯಿಂದ ಲಿಂಗ ನಿರ್ಧರಿತ ವೀರ್ಯವನ್ನೂ ಹಾಕಿಸಿ ನೋಡಿದ್ದೇವೆ.

ಹಾಲಿನ ಸಂಘದಲ್ಲಿ ಒಬ್ಬರು ಎರಡಕ್ಕೂ ವರ್ಣತಂತುವಿನ (ಜೀವಕೋಶದೊಳಗೆ ವಂಶವಾಹಿಗಳನ್ನು ಹೊತ್ತಿರುವ ಎಳೆ, ಕ್ರೋಮೋಸೋಮ್) ದೋಷವೇ ಕಾರಣವೆಂದೂ ರಕ್ತ ಪರೀಕ್ಷೆ ಮಾಡಿಸದೆ ಔಷಧಿಗೆ ಹಣ ಸುರಿಯಬಾರದೆಂದೂ ಹೇಳಿದರು. ಅದು ನಿಜವೆ? ಅಂಥ ದೋಷವಿದ್ದರೆ ಚಿಕಿತ್ಸೆ ಇದೆಯೆ? ಎರಡನೆಯ ಹಸುವಿನ ಹೆಣ್ಣು ಕರುಗಳೆರಡು ನಮ್ಮಲ್ಲೇ ಬೆಳೆಯುತ್ತಿರುವುದರಿಂದ ಅವುಗಳ ಬಗ್ಗೆಯೂ ಚಿಂತೆಯಾಗಿದೆ.

ಉತ್ತರ 1 (ನಿವೃತ್ತ ಪಶುವೈದ್ಯ, ಹಾಸನ)

ಕಡಸಿನ ವಿಷಯವನ್ನು ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ಅನುಮಾನಕ್ಕೆ ಹೆಚ್ಚು ಜಾಗವಿಲ್ಲ. ಗಂಡು ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಹುಟ್ಟಿನಿಂದಲೇ ಗೊಡ್ಡಾಗಿರುತ್ತವೆ. ಇಂಥ ರಾಸಿಗೆ ಫ್ರೀಮಾರ್ಟಿನ್ ಎನ್ನುತ್ತೇವೆ. ತಾವು ಬರೆದಿರುವ ಸಣ್ಣ ತೊಟ್ಟು, ಕೂದಲಿನ ಗೊಂಚಲು, ಬೆದೆಯ ಸುಳಿವೇ ಇಲ್ಲದಿರುವುದು, ಈ ಮೂರೂ ಅದಕ್ಕೆ ಸರಿಯಾಗಿ ಹೊಂದುತ್ತವೆ.

ಹಸುವಿನ ಗರ್ಭದಲ್ಲಿ ಎರಡು ಭ್ರೂಣಗಳಿದ್ದಾಗ ಅವುಗಳ ಮಾಸಿನ ಪೊರೆಗಳು ಗರ್ಭ ಕಟ್ಟಿದ ಎರಡನೆಯ ತಿಂಗಳಿನಲ್ಲೇ ಒಂದಕ್ಕೊಂದು ಕೂಡಿಕೊಂಡು, ರಕ್ತನಾಳಗಳು ಬೆಸೆದು, ಒಂದರ ರಕ್ತ ಇನ್ನೊಂದರೊಳಗೆ ಹರಿಯತೊಡಗುತ್ತದೆ. ಗಂಡು ಭ್ರೂಣದ ವೃಷಣ ಹೆಣ್ಣಿನ ಅಂಡಾಶಯಕ್ಕಿಂತ ಮೊದಲೇ ಕೆಲಸ ಆರಂಭಿಸಿ ಹಾರ್ಮೋನುಗಳನ್ನು ಸ್ರವಿಸುತ್ತದೆ. ಅವುಗಳಲ್ಲಿ ಒಂದರ ಕೆಲಸವೇ ಗರ್ಭಕೋಶ, ಗರ್ಭಕೊರಳು ಮತ್ತು ಯೋನಿಯ ಒಳಭಾಗ ರೂಪುಗೊಳ್ಳಬೇಕಾದ ನಾಳವನ್ನು ಕುಗ್ಗಿಸುವುದು. ಗಂಡಿನಲ್ಲಿ ಇದು ನಡೆಯಬೇಕಾದದ್ದೇ. ಆದರೆ ಆ ಹಾರ್ಮೋನು ರಕ್ತದ ಮೂಲಕ ಹೆಣ್ಣು ಭ್ರೂಣಕ್ಕೂ ತಲುಪಿಬಿಡುವುದರಿಂದ ಹೊರಗೆ ಹೆಣ್ಣಾಗಿ ಕಾಣುವ, ಒಳಗೆ ಗರ್ಭಕೋಶವೇ ಸರಿಯಾಗಿ ಬೆಳೆಯದ ಕರು ಹುಟ್ಟುತ್ತದೆ. ಅಂಡಾಶಯವೂ ಬೆಳೆಯದೆ, ಕೆಲವೊಮ್ಮೆ ವೃಷಣದ ಲಕ್ಷಣಗಳನ್ನು ತಾಳುತ್ತದೆ. 1916ರಲ್ಲಿ ಅಮೆರಿಕದ ಫ್ರಾಂಕ್ ಲಿಲ್ಲಿ ಎಂಬ ಭ್ರೂಣವಿಜ್ಞಾನಿ ಈ ರಕ್ತ ಸಂಪರ್ಕವನ್ನೇ ಕಾರಣವೆಂದು ತೋರಿಸಿದರು.

ಹಾಗಾಗಿ ಇದನ್ನು ವರ್ಣತಂತುವಿನ ದೋಷವೆಂದು ಕರೆಯುವುದು ಅರ್ಧ ಮಾತ್ರ ಸರಿ. ಈ ಕಡಸಿನ ಯಾವ ಜೀವಕೋಶದಲ್ಲೂ ವರ್ಣತಂತು ಮುರಿದಿಲ್ಲ, ಕಡಿಮೆಯಾಗಿಲ್ಲ. ಅದರ ರಕ್ತದಲ್ಲಿ ತನ್ನವೇ ಆದ, ಹೆಣ್ಣಿನ ಗುರುತಾದ ಎಕ್ಸ್‌ಎಕ್ಸ್ ಕೋಶಗಳ ಜೊತೆಗೆ ಅಣ್ಣನಿಂದ ಬಂದ, ಗಂಡಿನ ಗುರುತಾದ ಎಕ್ಸ್‌ವೈ ಕೋಶಗಳೂ ಬೆರೆತಿರುತ್ತವೆ, ಮತ್ತು ಅವು ಜೀವಮಾನವಿಡೀ ಉಳಿಯುತ್ತವೆ. ಅವಳಿ ಕರುಗಳಲ್ಲಿ ಪರಸ್ಪರರ ರಕ್ತಕೋಶಗಳು ಹೀಗೆ ಉಳಿದಿರುವುದನ್ನು ರೇ ಓವೆನ್ 1945ರಲ್ಲಿ ಗುರುತಿಸಿದರು. ಅಂಗಾಂಗ ಕಸಿಯನ್ನು ದೇಹ ಏಕೆ ತಿರಸ್ಕರಿಸುತ್ತದೆ, ಯಾವಾಗ ಒಪ್ಪಿಕೊಳ್ಳುತ್ತದೆ ಎಂಬ ಸಂಶೋಧನೆಗೆ, 1960ರಲ್ಲಿ ಮೆಡಾವರ್ ಮತ್ತು ಬರ್ನೆಟ್ ಅವರಿಗೆ ನೊಬೆಲ್ ತಂದುಕೊಟ್ಟ ಕೆಲಸಕ್ಕೆ, ದಾರಿ ತೋರಿದ್ದು ಇದೇ ಅವಳಿ ಕರುಗಳು. ಗೊಡ್ಡು ಕಡಸಿನಿಂದ ನಮಗೆ ಲಾಭವಿಲ್ಲದಿದ್ದರೂ ವೈದ್ಯಶಾಸ್ತ್ರಕ್ಕೆ ಆಗಿದೆ ಎನ್ನಬೇಕು.

ಪರೀಕ್ಷೆಗೆ ಮೊದಲು ರಕ್ತ ಬೇಕಿಲ್ಲ. ತಮ್ಮ ಪಶುವೈದ್ಯರು ಗುದದ್ವಾರದ ಮೂಲಕ ಕೈ ಹಾಕಿ ನೋಡಿದರೆ ಗರ್ಭಕೊರಳು ಇದೆಯೆ, ಗರ್ಭಕೋಶ ಬೆಳೆದಿದೆಯೆ ಎಂಬುದು ನಿಮಿಷಗಳಲ್ಲಿ ತಿಳಿಯುತ್ತದೆ. ಇದನ್ನು ಎರಡು ವರ್ಷ ಕಾಯದೆ ಕರುವಾಗಿದ್ದಾಗಲೇ ನೋಡಬಹುದಿತ್ತು: ಒಂದು ತಿಂಗಳೊಳಗಿನ ಸಾಮಾನ್ಯ ಹೆಣ್ಣು ಕರುವಿನ ಯೋನಿಯೊಳಗೆ ಜಾರುವ ಲೇಪ ಹಚ್ಚಿದ, ತುದಿ ಗುಂಡಗಿರುವ ನಳಿಕೆ 12ರಿಂದ 15 ಸೆಂಟಿಮೀಟರ್ ಒಳಗೆ ಹೋಗುತ್ತದೆ, ಫ್ರೀಮಾರ್ಟಿನ್‌ನಲ್ಲಿ 5ರಿಂದ 8 ಸೆಂಟಿಮೀಟರಿಗೇ ನಿಲ್ಲುತ್ತದೆ. ಒತ್ತಿದರೆ ಗಾಯವಾಗುವುದರಿಂದ ಇದನ್ನು ವೈದ್ಯರ ಕೈಯಲ್ಲೇ ಮಾಡಿಸಬೇಕು. ಚಿಕಿತ್ಸೆ ಯಾವುದೂ ಇಲ್ಲ. ಹಾರ್ಮೋನು ಚುಚ್ಚುಮದ್ದು ಹಾಕಿ ಬೆದೆ ತರಿಸುತ್ತೇನೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಳೆಯದೇ ಇರುವ ಗರ್ಭಕೋಶವನ್ನು ಚುಚ್ಚುಮದ್ದು ಬೆಳೆಸುವುದಿಲ್ಲ.

ಉತ್ತರ 2 (ಪಶು ತಳಿವಿಜ್ಞಾನ ಸಂಶೋಧಕಿ, ಬೆಂಗಳೂರು)

ಡಾಕ್ಟರ್ ಅವರ ವಿವರಣೆಗೆ ಒಂದೇ ಮಾತು ಸೇರಿಸುತ್ತೇನೆ. ಅವಳಿ ಹುಟ್ಟದೆ ಒಂಟಿಯಾಗಿ ಹುಟ್ಟಿದ ಹೆಣ್ಣು ಕರುವೂ ಅಪರೂಪಕ್ಕೆ ಫ್ರೀಮಾರ್ಟಿನ್ ಆಗಿರಬಹುದು. ರಕ್ತನಾಳಗಳು ಬೆಸೆದ ಮೇಲೆ ಗಂಡು ಭ್ರೂಣ ಗರ್ಭದಲ್ಲೇ ಸತ್ತು ಕರಗಿದ್ದರೆ ಅವಳಿಯಿತ್ತೆಂಬುದೇ ಯಾರಿಗೂ ತಿಳಿಯುವುದಿಲ್ಲ. ಅಂಥಲ್ಲಿ ರಕ್ತದಲ್ಲಿ ವೈ ವರ್ಣತಂತುವಿನ ಗುರುತು ಹುಡುಕುವ ಪಿಸಿಆರ್ ಪರೀಕ್ಷೆ ಉಪಯೋಗಕ್ಕೆ ಬರುತ್ತದೆ.

ಈಗ ಎರಡನೆಯ ಹಸು. ವರ್ಣತಂತುವಿನ ದೋಷ ಹುಟ್ಟಿನಿಂದಲೇ ಬಂದಿರುತ್ತದೆ, ನಡುವೆ ಬರುವಂಥದ್ದಲ್ಲ. ಮೂರು ಕರು ಹಾಕಿದ ಹಸು ಈಗ ಮಾತ್ರ ತೊಂದರೆ ಕೊಡುತ್ತಿದ್ದರೆ, ಸಂಘದಲ್ಲಿ ಹೇಳಿದವರ ಮಾತನ್ನು ಒಪ್ಪುವ ಮೊದಲು ಮೂರನೇ ಸೂಲಿನ ನಂತರ ಏನು ಬದಲಾಯಿತು ಎಂದು ಕೇಳಿಕೊಳ್ಳಬೇಕು. ಮಾಸು ಸಕಾಲಕ್ಕೆ ಬೀಳಲಿಲ್ಲವೆ? ಗರ್ಭಕೋಶದಲ್ಲಿ ಸೋಂಕು ಉಳಿದಿದೆಯೆ? ಬೆದೆಯ ಲೋಳೆ ಕನ್ನಡಿಯಷ್ಟು ತಿಳಿಯಾಗಿದೆಯೆ, ಕೀವಿನ ಎಳೆಗಳಿವೆಯೆ? ಬೆಳಿಗ್ಗೆ ಬೆದೆ ಕಂಡ ಹಸುವಿಗೆ ಅಂದೇ ಸಂಜೆ, ಸಂಜೆ ಕಂಡದ್ದಕ್ಕೆ ಮರುದಿನ ಬೆಳಿಗ್ಗೆ ಎಂಬ ಕ್ರಮ ಪಾಲನೆಯಾಗಿದೆಯೆ? ಇವುಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕಿದರೂ ವರ್ಣತಂತುವಿನವರೆಗೆ ಹೋಗಬೇಕಾದ ಅಗತ್ಯ ಬರಲಾರದು.

ತಿರುಗಿ ಬೆದೆಗೆ ಬರುವ ದಿನಗಳ ಲೆಕ್ಕವೂ ಕೆಲವು ಸಂಗತಿ ಹೇಳುತ್ತದೆ. ಗರ್ಭ ಕಟ್ಟಿದ್ದನ್ನು ತಾಯಿಯ ದೇಹ ಗುರುತಿಸುವುದು ಸುಮಾರು 15ರಿಂದ 17ನೇ ದಿನದಲ್ಲಿ. ಅದಕ್ಕೆ ಮುಂಚೆಯೇ ಭ್ರೂಣ ಸತ್ತರೆ ಹಸು ಎಂದಿನಂತೆ 18ರಿಂದ 24 ದಿನಗಳೊಳಗೆ ಬೆದೆಗೆ ಬರುವುದರಿಂದ ಗರ್ಭ ಕಟ್ಟಿಯೇ ಇರಲಿಲ್ಲವೆಂದು ನಾವು ಭಾವಿಸುತ್ತೇವೆ. ಆ ನಂತರ ಸತ್ತರೆ ಬೆದೆ ತಡವಾಗುತ್ತದೆ. ತಿಂಗಳು ದಾಟಿ ಬಂದ ಬೆದೆಗೆ ಭ್ರೂಣ ನಾಶ ಕಾರಣವಾಗಿರಬಹುದು, ನಡುವಿನ ಒಂದು ಬೆದೆ ಕಣ್ಣು ತಪ್ಪಿರುವುದೂ ಅಷ್ಟೇ ಸಾಧ್ಯ. ಲಿಂಗ ನಿರ್ಧರಿತ ವೀರ್ಯದಲ್ಲಿ ಗರ್ಭ ನಿಲ್ಲದಿದ್ದುದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಎಕ್ಸ್ ಹೊತ್ತ ವೀರ್ಯಾಣುವಿನಲ್ಲಿ ವೈ ಹೊತ್ತದ್ದಕ್ಕಿಂತ ಸುಮಾರು ಶೇಕಡಾ 3.8ರಷ್ಟು ಹೆಚ್ಚು ಡಿಎನ್ಎ ಇರುತ್ತದೆ. ಆ ಅಲ್ಪ ವ್ಯತ್ಯಾಸ ಹಿಡಿದು ಒಂದೊಂದನ್ನೇ ಬೇರ್ಪಡಿಸಿ ತುಂಬುವುದರಿಂದ ಅಂಥ ವೀರ್ಯದ ನಳಿಕೆಯಲ್ಲಿ ವೀರ್ಯಾಣುಗಳ ಸಂಖ್ಯೆ ಬಹಳ ಕಡಿಮೆ. ಆದ್ದರಿಂದ ಅದನ್ನು ಕಡಸುಗಳಿಗೂ ಸುಲಭವಾಗಿ ಗಬ್ಬ ನಿಲ್ಲುವ ಹಸುಗಳಿಗೂ ಬಳಸುವುದು ಸೂಕ್ತ. ನಿಮ್ಮ ಹಸು ಸದ್ಯ ಆ ಸಾಲಿಗೆ ಸೇರುವುದಿಲ್ಲ.

ಇಷ್ಟಾದ ಮೇಲೂ ದೋಷದ ಬಗ್ಗೆ ತಿಳಿದಿರುವುದು ಒಳ್ಳೆಯದು, ಏಕೆಂದರೆ ಅದು ನಿಜವಾಗಿ ಕಾಡುವುದು ಹೋರಿಯ ಮೂಲಕ. ದನಗಳಲ್ಲಿ 60 ವರ್ಣತಂತುಗಳಿರುತ್ತವೆ: 29 ಜೋಡಿ ಸಾಮಾನ್ಯ ವರ್ಣತಂತುಗಳು, ಒಂದು ಜೋಡಿ ಲಿಂಗ ನಿರ್ಧಾರಕ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ 29 ಜೋಡಿಗಳೂ ಒಂದೇ ಕಡೆಗೆ ತೋಳು ಚಾಚಿದಂತೆ ಕಾಣುತ್ತವೆ, ಎಕ್ಸ್ ಮಾತ್ರ ಎರಡೂ ಕಡೆ ತೋಳಿರುವ ದೊಡ್ಡ ವರ್ಣತಂತು. ಕೆಲವು ರಾಸುಗಳಲ್ಲಿ ಎಲ್ಲಕ್ಕಿಂತ ದೊಡ್ಡದಾದ 1ನೆಯದೂ ಸಣ್ಣವುಗಳಲ್ಲಿ ಒಂದಾದ 29ನೆಯದೂ ಬುಡದಲ್ಲಿ ಅಂಟಿಕೊಂಡು ಒಂದೇ ಆಗಿರುತ್ತವೆ. ಎಣಿಸಿದರೆ 59. ಇದಕ್ಕೆ 1/29 ರಾಬರ್ಟ್‌ಸೋನಿಯನ್ ಸ್ಥಾನಾಂತರ ಎನ್ನುತ್ತಾರೆ. ವಂಶವಾಹಿಗಳು ಕಳೆದುಹೋಗಿರದ ಕಾರಣ ಆ ರಾಸು ನೋಡಲು, ತಿನ್ನಲು, ಹಾಲು ಕೊಡಲು ಎಲ್ಲದರಲ್ಲೂ ಸಾಮಾನ್ಯವಾಗಿರುತ್ತದೆ. ತೊಂದರೆ ಇರುವುದು ಅಂಡಾಣು ಅಥವಾ ವೀರ್ಯಾಣು ತಯಾರಾಗುವ ಹೊತ್ತಿನಲ್ಲಿ. ಅಂಟಿಕೊಂಡಿರುವ ಒಂದು, ಬಿಡಿಯಾಗಿರುವ ಎರಡು, ಈ ಮೂರು ಸೇರಿ ಪಾಲಾಗಬೇಕಾದಾಗ ಕೆಲವೊಮ್ಮೆ ಪಾಲು ತಪ್ಪಿ, ಒಂದು ವರ್ಣತಂತು ಹೆಚ್ಚಿರುವ ಅಥವಾ ಕಡಿಮೆಯಿರುವ ಅಂಡಾಣು, ವೀರ್ಯಾಣು ಹುಟ್ಟುತ್ತವೆ. ಅವುಗಳಿಂದ ಕಟ್ಟಿದ ಭ್ರೂಣ ಬಹುಪಾಲು ಆರಂಭದಲ್ಲೇ ನಾಶವಾಗುತ್ತದೆ.

ಇದು ಪತ್ತೆಯಾದ ಕಥೆ ವಿಚಿತ್ರವಾಗಿದೆ. ಸ್ವೀಡನ್ನಿನ ಗುಸ್ತಾವ್ಸನ್ ಮತ್ತು ರಾಕ್‌ಬಾರ್ನ್ 1964ರಲ್ಲಿ ರಕ್ತದ ಕ್ಯಾನ್ಸರ್ ಬಂದಿದ್ದ ಮೂರು ದನಗಳಲ್ಲಿ ಇದನ್ನು ಕಂಡು, ಕಾಯಿಲೆಗೂ ಇದಕ್ಕೂ ಸಂಬಂಧವಿರಬಹುದೆಂದು ನೋಡುತ್ತಿದ್ದರು. ಕ್ಯಾನ್ಸರಿಗೂ ಇದಕ್ಕೂ ಸಂಬಂಧವಿಲ್ಲವೆಂದು ನಂತರ ತಿಳಿಯಿತು, ಆದರೆ ಸ್ವೀಡನ್ನಿನ ಕೆಂಪು–ಬಿಳಿ ತಳಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ರಾಸುಗಳು ಇದನ್ನು ಹೊತ್ತಿರುವುದು ಬೆಳಕಿಗೆ ಬಂತು. ವಾಹಕ ಹೋರಿಗಳ ಹೆಣ್ಣು ಸಂತತಿಯಲ್ಲಿ ಗರ್ಭ ನಿಲ್ಲುವ ಪ್ರಮಾಣ ಶೇಕಡಾ 5ರ ಆಸುಪಾಸಿನಲ್ಲಿ ಕಡಿಮೆ ಇತ್ತು. ಒಂದು ಕೊಟ್ಟಿಗೆಯಲ್ಲಿ ಇಷ್ಟು ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಒಂದೇ ಹೋರಿಯ ವೀರ್ಯ ಸಾವಿರಾರು ಹಸುಗಳಿಗೆ ಹೋದಾಗ ದೇಶದ ಹಾಲಿನ ಲೆಕ್ಕದಲ್ಲೇ ಕಾಣುತ್ತದೆ. ಸ್ವೀಡನ್ ಅಂಥ ಹೋರಿಗಳನ್ನು ಕೃತಕ ಗರ್ಭಧಾರಣೆಯಿಂದ ಹೊರಗಿಟ್ಟು ತಳಿಯನ್ನು ಶುದ್ಧಗೊಳಿಸಿತು. ಎಚ್‌ಎಫ್ ತಳಿಯಲ್ಲಿ ಈ ದೋಷ ಬಹಳ ಅಪರೂಪ ಎಂಬುದು ನಿಮಗೆ ಸಮಾಧಾನದ ಸಂಗತಿ.

ಉತ್ತರ 3 (ಹಳ್ಳಿಕಾರ್ ಹೋರಿ ಸಾಕಣೆದಾರ, ಮಂಡ್ಯ ಜಿಲ್ಲೆ)

ಮೇಡಂ, ತಾವು ಹೇಳಿದ್ದು ವೀರ್ಯ ಕೇಂದ್ರಗಳ ಹೋರಿಗೆ ಸರಿ. ನಮ್ಮಂಥವರು ಊರಿನ ಹಸುಗಳಿಗೆ ಬಿಡುವ ಬೀಜದ ಹೋರಿಯ ಗತಿಯೇನು? ನಮ್ಮ ಹೋರಿಗೆ ವರ್ಣತಂತು ಪರೀಕ್ಷೆ ಮಾಡಿಸಿ ಎಂದು ಈವರೆಗೆ ಯಾರೂ ಹೇಳಿಲ್ಲ. ಸುಳಿ, ಕೊಂಬು, ನಡಿಗೆ, ಬಣ್ಣ ನೋಡಿ ಹೋರಿಯನ್ನು ಆರಿಸುವ ರೂಢಿ ನಮ್ಮದು. ಇಂಥ ದೋಷ ಹೊರಗಿನಿಂದ ಗೊತ್ತಾಗುವುದೇ ಇಲ್ಲವೆಂದಾದರೆ ಆರಿಸುವುದು ಹೇಗೆ? ಜೊತೆಗೆ, ಪರೀಕ್ಷೆಯಲ್ಲಿ ಏನು ಮಾಡುತ್ತಾರೆ ಎಂಬುದನ್ನೂ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 4 (ಪಶು ತಳಿವಿಜ್ಞಾನ ಸಂಶೋಧಕಿ, ಬೆಂಗಳೂರು)

ಒಳ್ಳೆಯ ಪ್ರಶ್ನೆ. ಕೇಂದ್ರ ಪಶುಸಂಗೋಪನಾ ಇಲಾಖೆಯ ಕನಿಷ್ಠ ಗುಣಮಟ್ಟದ ನಿಯಮಗಳ ಪ್ರಕಾರ ವೀರ್ಯ ಕೇಂದ್ರಕ್ಕೆ ತೆಗೆದುಕೊಳ್ಳುವ ಹೋರಿಗಳಿಗೆ ವರ್ಣತಂತು ಪರೀಕ್ಷೆ ಆಗಿರಬೇಕು. ಹೆಸರಘಟ್ಟದ ಕೇಂದ್ರಗಳಿಂದ ಬರುವ ನಳಿಕೆಯ ಹಿಂದೆ ಈ ಪರೀಕ್ಷೆ ಇದೆ, ಊರಿನ ಹೋರಿಯ ಹಿಂದೆ ಇಲ್ಲ. ಆದರೂ ಎಲ್ಲ ದೋಷವೂ ಹೊರಗಿನಿಂದ ಮುಚ್ಚಿಹೋಗಿರುವುದಿಲ್ಲ. ಒಂದು ಎಕ್ಸ್ ಹೆಚ್ಚಾಗಿ ಎಕ್ಸ್‌ಎಕ್ಸ್‌ವೈ ಆಗಿರುವ ಹೋರಿ ಮೈಯಲ್ಲಿ ಗಟ್ಟಿಯಾಗಿ, ಹಸುವನ್ನು ಏರುವುದರಲ್ಲಿ ಉತ್ಸಾಹದಿಂದಲೂ ಇರಬಹುದು, ಆದರೆ ಅದರ ವೃಷಣಗಳು ಸಣ್ಣದಾಗಿ, ಮೆತ್ತಗೆ ಇರುತ್ತವೆ ಮತ್ತು ವೀರ್ಯದಲ್ಲಿ ವೀರ್ಯಾಣುಗಳೇ ಇರುವುದಿಲ್ಲ. ವೃಷಣದ ಸುತ್ತಳತೆಯನ್ನು ಟೇಪಿನಿಂದ ಅಳೆಸಿ, ಒಮ್ಮೆ ವೀರ್ಯ ತೆಗೆಸಿ ನೋಡಿದರೆ ಈ ಬಗೆಯ ಹೋರಿ ಸಿಕ್ಕಿಬೀಳುತ್ತದೆ. ಸುಳಿ ನೋಡುವಷ್ಟೇ ಶ್ರದ್ಧೆಯಿಂದ ಇದನ್ನೂ ನೋಡಬೇಕು ಎಂಬುದು ನನ್ನ ವಿನಂತಿ.

ಸಿಕ್ಕಿಬೀಳದವು ಸ್ಥಾನಾಂತರಗಳು. 1/29 ಇರುವ ಹೋರಿಯ ವೀರ್ಯ ಸೂಕ್ಷ್ಮದರ್ಶಕದಲ್ಲಿ ಸಾಮಾನ್ಯವಾಗಿಯೇ ಕಾಣುತ್ತದೆ. ಬೇರೆ ಬೇರೆ ಎರಡು ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಂಡಿರುವ ಇನ್ನೊಂದು ಬಗೆಯಿದೆ. ಅಲ್ಲಿ ಒಟ್ಟು ಸಂಖ್ಯೆ 60 ಆಗಿಯೇ ಉಳಿಯುವುದರಿಂದ ಎಣಿಕೆಯಲ್ಲಿ ತಪ್ಪಿಸಿಕೊಳ್ಳುತ್ತದೆ, ಆದರೆ ಗರ್ಭ ನಿಲ್ಲುವುದರ ಮೇಲೆ 1/29ಗಿಂತ ಹೆಚ್ಚು ಪೆಟ್ಟು ಕೊಡುತ್ತದೆ. ಊರಿನ ಹೋರಿಯ ವಿಷಯದಲ್ಲಿ ಇದಕ್ಕೆ ನಿಮ್ಮ ಪುಸ್ತಕವೇ ಸಾಕ್ಷಿ: ಯಾವ ಹಸುವಿಗೆ ಯಾವ ದಿನ ಬಿಟ್ಟಿರಿ, ಅದು ತಿರುಗಿ ಬೆದೆಗೆ ಬಂತೆ ಎಂದು ಬರೆದಿಡಿ. ಬೇರೆ ಬೇರೆ ಮನೆಗಳ, ಈವರೆಗೆ ಚೆನ್ನಾಗಿ ಗಬ್ಬ ನಿಲ್ಲುತ್ತಿದ್ದ ಹಸುಗಳೂ ಒಂದೇ ಹೋರಿಗೆ ನಿಲ್ಲದೆ ಹೋದರೆ ಅನುಮಾನಿಸಬೇಕಾದದ್ದು ಹೋರಿಯನ್ನು.

ಪರೀಕ್ಷೆ ನಡೆಯುವುದು ಹೀಗೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಲೇಪಿಸಿದ ಕೊಳವೆಯಲ್ಲಿ ರಕ್ತ ತೆಗೆದು, ಹಿಮಗಟ್ಟಿಸದೆ ತಂಪಿನಲ್ಲಿಟ್ಟು ಬೇಗನೆ ಪ್ರಯೋಗಾಲಯಕ್ಕೆ ತಲುಪಿಸಬೇಕು. ಬೇಕಿರುವುದು ಜೀವಂತ ಬಿಳಿ ರಕ್ತಕೋಶಗಳು. ಅವುಗಳನ್ನು ದೇಹದ ಉಷ್ಣತೆಯಲ್ಲಿ ಸುಮಾರು 72 ಗಂಟೆ ಬೆಳೆಸಿ, ಕೋಶ ಎರಡಾಗಲು ಹೊರಟ ಘಟ್ಟದಲ್ಲಿ ಕಾಲ್ಚಿಸಿನ್ ಹಾಕಿ ತಡೆಯುತ್ತಾರೆ. ವರ್ಣತಂತುಗಳು ಮಡಚಿ ಗಿಡ್ಡವಾಗಿ ಸ್ಪಷ್ಟವಾಗಿ ಕಾಣುವುದು ಆಗ ಮಾತ್ರ. ನಂತರ ಕೋಶಗಳನ್ನು ಉಬ್ಬಿಸಿ, ಗಾಜಿನ ಪಟ್ಟಿಯ ಮೇಲೆ ಹರಡಿ, ಜಿಮ್ಸಾ ಬಣ್ಣ ಹಾಕಿ ಎಣಿಸುತ್ತಾರೆ. ನಿಮ್ಮ ಹಳ್ಳಿಕಾರ್ ಹೋರಿಯಲ್ಲಿ ವೈ ವರ್ಣತಂತು ಒಂದೇ ಕಡೆ ತೋಳಿರುವ ಸಣ್ಣ ಕಡ್ಡಿಯಾಗಿ ಕಾಣುತ್ತದೆ, ಎಚ್‌ಎಫ್ ಅಥವಾ ಜೆರ್ಸಿ ಹೋರಿಯಲ್ಲಿ ಎರಡೂ ಕಡೆ ತೋಳಿರುತ್ತದೆ. ವೈ ಅಪ್ಪನಿಂದ ಮಗನಿಗೆ ಮಾತ್ರ ಹೋಗುವುದರಿಂದ, ಶುದ್ಧ ನಾಟಿ ಎಂದು ಮಾರಿದ ಹೋರಿಯ ಅಪ್ಪನ ಕಡೆಯಲ್ಲಿ ಎಲ್ಲಾದರೂ ವಿದೇಶಿ ತಳಿ ನುಸುಳಿತ್ತೆ ಎಂಬುದೂ ಇದೇ ಪಟ್ಟಿಯಲ್ಲಿ ಹೊರಬೀಳುತ್ತದೆ. ಅಮ್ಮನ ಕಡೆಯ ಬೆರಕೆ ಇದರಲ್ಲಿ ಕಾಣುವುದಿಲ್ಲ.

ಈ ಪರೀಕ್ಷೆಗೆ ಒಂದು ಮಿತಿಯಿದೆ. ಒಂಟಿ ವಂಶವಾಹಿಯ ದೋಷ ಇದರಲ್ಲಿ ಕಾಣುವುದಿಲ್ಲ. 1962ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಾನೀ ಫಾರ್ಮ್ ಅರ್ಲಿಂಡಾ ಚೀಫ್ ಎಂಬ ಪ್ರಸಿದ್ಧ ಹೋಲ್ಸ್ಟೀನ್ ಹೋರಿ ಹಾಲಿನ ಗುಣದ ಜೊತೆಗೆ ಒಂದು ಮಾರಕ ವಂಶವಾಹಿಯನ್ನೂ ಹಂಚಿತು. ಅದನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಭ್ರೂಣ ಹುಟ್ಟುವವರೆಗೆ ಬದುಕುವುದಿಲ್ಲ. ಪತ್ತೆಯಾದದ್ದು 2011ರಲ್ಲಿ, ಅಷ್ಟರಲ್ಲಿ ಪ್ರಪಂಚದಾದ್ಯಂತ ಐದು ಲಕ್ಷಕ್ಕೂ ಹೆಚ್ಚು ಗರ್ಭಗಳು ಇದರಿಂದ ನಷ್ಟವಾಗಿದ್ದವೆಂದು ಅಂದಾಜು. ನಮ್ಮ ವೀರ್ಯ ಕೇಂದ್ರಗಳಲ್ಲಿ ಎಚ್‌ಎಫ್ ಮತ್ತು ಅದರ ಮಿಶ್ರತಳಿ ಹೋರಿಗಳಿಗೆ ಬಿಎಲ್ಎಡಿ, ಡಂಪ್ಸ್, ಸಿಟ್ರುಲಿನೀಮಿಯಾ ಮುಂತಾದ ಒಂಟಿ ವಂಶವಾಹಿಯ ಕಾಯಿಲೆಗಳ ಪರೀಕ್ಷೆಯನ್ನು ಪ್ರತ್ಯೇಕವಾಗಿ ಡಿಎನ್ಎ ಮೂಲಕ ಮಾಡುವುದು ಈ ಕಾರಣಕ್ಕೇ.

ಪ್ರಶ್ನೆ ಕೇಳಿದವರ ಮರುಮಾತು

ಎಲ್ಲರಿಗೂ ಧನ್ಯವಾದ. ನಮ್ಮ ಪಶುವೈದ್ಯರನ್ನು ಕರೆಸಿ ತೋರಿಸಿದೆ. ಕಡಸಿಗೆ ಗರ್ಭಕೊರಳು ಕೈಗೆ ಸಿಗುತ್ತಿಲ್ಲವೆಂದೂ ಗರ್ಭಕೋಶವಿರಬೇಕಾದಲ್ಲಿ ತೆಳುವಾದ ಎಳೆಯಷ್ಟೇ ಇದೆಯೆಂದೂ ಹೇಳಿದರು. ಹಸುವಿನ ಬೆದೆಯ ಲೋಳೆಯಲ್ಲಿ ಬಿಳಿ ಎಳೆಗಳಿದ್ದವು. ಮೂರನೇ ಸೂಲಿನಲ್ಲಿ ಮಾಸು ಬೀಳದೆ ಕೈಯಿಂದ ತೆಗೆಸಿದ್ದು ನಿಜ. ಮೊದಲ ಮೂರು ಸಲವೂ ಗಬ್ಬ ಬೇಗನೆ ನಿಂತಿತ್ತು. ಹಾಗಾದರೆ ಅದರ ಹೆಣ್ಣು ಕರುಗಳಿಗೆ ಪರೀಕ್ಷೆ ಬೇಡವೆ? ಕಡಸಿಗೆ ಅಣ್ಣನಾದ ಗಂಡು ಕರುವನ್ನು ಕೊಂಡವರು ಅದನ್ನು ಈಗ ಹೋರಿಯಾಗಿ ಬಳಸುವ ಯೋಚನೆಯಲ್ಲಿದ್ದಾರೆ, ಅದು ಸರಿಯೆ? ಮನೆಯಲ್ಲಿ ಒಂದು ಎಮ್ಮೆಯೂ ಇದೆ, ಅದಕ್ಕೂ ಇದೇ ಲೆಕ್ಕವೆ?

ಉತ್ತರ 5 (ನಿವೃತ್ತ ಪಶುವೈದ್ಯ, ಹಾಸನ)

ಹಸುವಿನ ತೊಂದರೆ ಗರ್ಭಕೋಶದ ಸೋಂಕು. ಲೋಳೆಯನ್ನು ಪ್ರಯೋಗಾಲಯಕ್ಕೆ ಕಳುಹಿಸಿ, ಯಾವ ಔಷಧಿಗೆ ಬಗ್ಗುತ್ತದೆಂದು ನೋಡಿಕೊಂಡು ಚಿಕಿತ್ಸೆ ಕೊಡಿಸಿ, ಸ್ವಚ್ಛ ಲೋಳೆ ಕಾಣುವವರೆಗೆ ಬೆದೆ ಬಿಟ್ಟುಬಿಡಿ. ಅದರ ಹೆಣ್ಣು ಕರುಗಳಿಗೆ ವರ್ಣತಂತು ಪರೀಕ್ಷೆಯ ಅಗತ್ಯ ನನಗೆ ಕಾಣುತ್ತಿಲ್ಲ. ತಾಯಿಗೆ ಸ್ಥಾನಾಂತರ ನಿಜವಾಗಿ ಇದ್ದಿದ್ದರೆ ಮಾತು ಬೇರೆಯಾಗುತ್ತಿತ್ತು, ಏಕೆಂದರೆ ಬದುಕಿ ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಅದು ದಾಟುತ್ತದೆ.

ಕಡಸಿನ ವಿಷಯದಲ್ಲಿ ಇನ್ನು ಕಾಯುವುದು ಮೇವಿನ ನಷ್ಟ. ಅದರ ತಾಯಿಯನ್ನು ಮಾತ್ರ ಇದೇ ಕಾರಣಕ್ಕೆ ಮಾರಬೇಡಿ, ಅದರಲ್ಲಿ ಯಾವ ದೋಷವೂ ಇಲ್ಲ. ಅಣ್ಣ ಕರುವಿನ ರಕ್ತದಲ್ಲೂ ತಂಗಿಯ ಕೋಶಗಳಿರುತ್ತವೆ. ಇಂಥ ಹೋರಿಗಳು ಸಾಮಾನ್ಯವಾಗಿ ಫಲವತ್ತಾಗಿದ್ದರೂ ಕೆಲವುಗಳಲ್ಲಿ ವೀರ್ಯದ ಗುಣ ಕಡಿಮೆಯಿರುವುದು ವರದಿಯಾಗಿದೆ. ಅದು ಅವಳಿಯಲ್ಲಿ ಹುಟ್ಟಿದ್ದೆಂದು ಕೊಂಡವರಿಗೆ ತಿಳಿಸಿ, ವೀರ್ಯ ಪರೀಕ್ಷೆ ಮಾಡಿಸದೆ ಬಳಸಬೇಡಿ ಎಂದು ಹೇಳಿಬಿಡಿ.

ಎಮ್ಮೆಯಲ್ಲಿ ಲೆಕ್ಕ ಬೇರೆ. ನಮ್ಮ ಮುರ್ರಾ, ಸುರ್ತಿ ಎಮ್ಮೆಗಳಲ್ಲಿ ಇರುವುದು 50 ವರ್ಣತಂತುಗಳು, ಅಸ್ಸಾಮಿನ ಕಡೆಯ ಜೌಗು ಎಮ್ಮೆಗಳಲ್ಲಿ 48. ಎಮ್ಮೆಯಲ್ಲಿ ಅವಳಿ ಹುಟ್ಟುವುದೇ ಅಪರೂಪವಾದ್ದರಿಂದ ಫ್ರೀಮಾರ್ಟಿನ್ ಕಾಣಸಿಗುವುದೂ ಕಡಿಮೆ. ತಮ್ಮ ಎಮ್ಮೆ ಗಬ್ಬ ನಿಲ್ಲುತ್ತಿಲ್ಲವೆಂದರೆ ಮೊದಲು ನೋಡಬೇಕಾದದ್ದು ಬೆದೆ ಕಣ್ಣು ತಪ್ಪುತ್ತಿದೆಯೆ ಎಂಬುದನ್ನು; ಬೇಸಿಗೆಯಲ್ಲಿ ಎಮ್ಮೆ ಬೆದೆಗೆ ಬಂದರೂ ಹಸುವಿನಷ್ಟು ಕೂಗಾಡುವುದಿಲ್ಲ, ರಾತ್ರಿಯ ತಂಪಿನಲ್ಲಿ ಲಕ್ಷಣ ತೋರಿಸಿ ಬೆಳಗಾಗುವಷ್ಟರಲ್ಲಿ ಸುಮ್ಮನಾಗಿಬಿಡುತ್ತದೆ.